ಕೌದಿ ಹೊದ್ದು ಹೇಳಿದ ಸುದ್ದಿ

ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ನುಸಿಗುಳಿಗೆಯ ವಾಸನೆ, ಅದರ ಬೆನ್ನಿಗೇ ಕೌದಿಯ ವಾಸನೆ. ಎಷ್ಟು ಸಲ ಒಗೆದರೂ ಅದರೊಳಗೆ ಕಡಲ ಉಪ್ಪುಗಾಳಿ, ಕಾದ ತಗಡು, ಅವ್ವನ ರೊಟ್ಟಿಯ ಹೊಗೆ ಹಾಗೇ ಕೂತಿವೆ. ಮೂಗಿಗೆ ಹಿಡಿದರೆ ಗೋವಾದ ಸಡಾ ಗುಡ್ಡದ ಮೇಲಿನ ನಮ್ಮ ಒಂದೇ ಕೋಣೆಯ ಮನೆ ಎದ್ದು ಬರುತ್ತದೆ. ಬಾಗಿಲಲ್ಲಿ ನಿಂತರೆ ಕೆಳಗೆ ಹಡಗುಗಳು ಕಾಣುತ್ತಿದ್ದವು. ಈಗ ಅದನ್ನು ಕೆಡವಿ ಎರಡಂತಸ್ತು ಎಬ್ಬಿಸಿದ್ದಾರೆ. ನಿಮಗೂ ಅಂಥದೊಂದು ಕೋಣೆ ಇದ್ದೀತು, ವಾಸನೆ ಮಾತ್ರ ಉಳಿಸಿ ಹೋದದ್ದು.

ಈ ಕೌದಿಯನ್ನು ಅವ್ವ ನಾನು ಹುಟ್ಟಿದಾಗ ಹೊಲಿದಿದ್ದಳು. ಕೂಸಿನ ಕೌದಿಗೆ ಓಣಿಯ ಪ್ರತಿ ಮನೆಯಿಂದ ಒಂದು ಹಳೆಯ ಸೀರೆಯ ತುಂಡು ಬರಬೇಕು, ಅದು ನಮ್ಮವರ ಪದ್ಧತಿ. ಊರು ಬಿಟ್ಟು ಗೋವಾಕ್ಕೆ ಬಂದರೂ ಪದ್ಧತಿ ಬಿಟ್ಟಿರಲಿಲ್ಲ. ನಾನು ಒಂಬತ್ತನೇ ಇಯತ್ತೆಗೆ ಬಂದಾಗ ಅದಕ್ಕೆ ಹೊಸ ಕೆಲಸ ಸಿಕ್ಕಿತು. ನಾನೂ ಗೆಳತಿ ರೇಷ್ಮಾಳೂ ಅಪ್ಪನ ಫೋನಿನಲ್ಲಿ ‘ಗುಡ್ಡದ ಸುದ್ದಿ’ ಎಂಬ ವಾರದ ವಿಡಿಯೊ ಕಾರ್ಯಕ್ರಮ ಶುರುಮಾಡಿದ್ದೆವು. ತಗಡಿನ ಮನೆಯಲ್ಲಿ ದನಿ ಗಣಗಣ ಎನ್ನುತ್ತದೆಂದು ಗೋಡೆಗೆ ಕೌದಿ ಕಟ್ಟುತ್ತಿದ್ದೆವು. ಬಾರದ ನೀರು, ಗುಡ್ಡ ಹತ್ತದ ಬಸ್ಸು, ಏನಿದ್ದರೂ ರೇಷ್ಮಾ ಮಂತ್ರಿಯ ಠೀವಿಯಲ್ಲಿ ಓದುವಳು. ಓಣಿಯವರು ನಗುತ್ತಿದ್ದರು, ಆದರೂ ಭಾನುವಾರ ಎಲ್ಲರ ಫೋನಿನಲ್ಲೂ ಅದೇ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅಪ್ಪನ ಜೊತೆ ದುಡಿಯುತ್ತಿದ್ದ ನಮ್ಮ ಓಣಿಯ ಶಿವಪ್ಪ ಕಾಕಾ, ಕಟ್ಟುತ್ತಿದ್ದ ಕಟ್ಟಡದ ಮೂರನೇ ಮಹಡಿಯ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಕುಡಿದು ಬಂದಿದ್ದನೆಂದು ಗುತ್ತಿಗೆದಾರ ಸುದ್ದಿ ಹಬ್ಬಿಸಿದ. ಅದೇ ಅಟ್ಟಣಿಗೆಯ ಮೇಲೆ ಅಪ್ಪನೂ ಇದ್ದ. ಕಾಕಾ ಕುಡಿದಿರಲಿಲ್ಲ, ಸೊಂಟಕ್ಕೆ ಕಟ್ಟಲು ಯಾರಿಗೂ ಬೆಲ್ಟ್ ಕೊಟ್ಟಿರಲಿಲ್ಲ, ಅಷ್ಟೇ. ಅದನ್ನು ಕ್ಯಾಮೆರಾದ ಮುಂದೆ ಹೇಳೆಂದು ನಾನೇ ಅಪ್ಪನ ಬೆನ್ನು ಹತ್ತಿದೆ.

“ಬಾಯಿ ಬಿಟ್ಟು ನಾಳೆ ಏನ್ ತಿನ್ನೂಣು?” ಎಂದು ಅವ್ವ ಒಲೆಯ ಮುಂದಿನಿಂದಲೇ ಗದರಿದಳು. ಅಪ್ಪ ನನ್ನ ಕಡೆ ತಿರುಗಿ, “ಖರೇನ ಹೇಳ್ತೇನವಾ. ಮುಖ ಒಂದ್ ತೋರಿಸಬ್ಯಾಡ್ರಿ,” ಎಂದ.

ಮುಖ ಮುಚ್ಚಲು ಕೈಗೆ ಸಿಕ್ಕಿದ್ದು ಗೋಡೆಯ ಕೌದಿ. ತಲೆಯಿಂದ ಮೊಣಕಾಲವರೆಗೆ ಹೊದಿಸಿ ಕೂರಿಸಿದೆವು. ದನಿಯನ್ನು ಫೋನಿನಲ್ಲೇ ಸೊಳ್ಳೆಯ ದನಿಯಷ್ಟು ತೆಳ್ಳಗೆ ಮಾಡಿದೆವು. ಇನ್ನು ದೇವರಿಗೂ ಗುರುತು ಹತ್ತುವುದಿಲ್ಲವೆಂದು ಬೀಗಿ ಭಾನುವಾರ ಎಲ್ಲರಿಗೂ ಕಳಿಸಿದೆವು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಸೋಮವಾರ ಸಂಜೆ ಕೂಲಿಗಳ ಮೇಲ್ವಿಚಾರಣೆಯ ಮುಕಾದಮ ಬಸಣ್ಣ ಬಂದ. ನಾಲ್ಕು ಮನೆಯಾಚೆ ಇರುವವನು, ಅಪ್ಪನಿಗೆ ಆ ಕೆಲಸವನ್ನೂ ಗುತ್ತಿಗೆದಾರನಿಗೆ ಸೇರಿದ ನಮ್ಮ ಕೋಣೆಯನ್ನೂ ಕೊಡಿಸಿದವನು. ಕೊಟ್ಟ ಚಹಾ ಮುಟ್ಟಲಿಲ್ಲ. ಫೋನು ತೆಗೆದು ನಮ್ಮ ವಿಡಿಯೊ ಹಚ್ಚಿ, ನಡುವೆ ನಿಲ್ಲಿಸಿ, ಕೌದಿಯ ಒಂದು ತುಂಡಿನ ಮೇಲೆ ಬೆರಳಿಟ್ಟ.

“ಈ ಗಿಳಿ ಸೀರಿ ನಮ್ಮನಿಯಾಕಿದು. ನಿನ್ನ ಮಗಳು ಹುಟ್ಟಿದಾಗ ಕೊಟ್ಟಿದ್ಲು.”

ಕೌದಿ ಅವನ ಬೆನ್ನ ಹಿಂದೆ ಗೋಡೆಯ ಮೇಲೇ ತೂಗುತ್ತಿತ್ತು. ಇಡೀ ಓಣಿ ಸೇರಿ ಹೊಲಿಸಿದ ಕೌದಿ ಓಣಿಗೆ ಗೊತ್ತಿರುವುದಿಲ್ಲವೇ?

“ಸಾಹೇಬ್ರಿಗೆ ಕೌದಿ ತಿಳಿಯೂದಿಲ್ಲ,” ಎಂದ ಬಸಣ್ಣ. “ಆದ್ರ ನಾಳೆ ಮುಂಜಾನೆ ನನ್ನ ಕೇಳ್ತಾರ, ಯಾರಂವ ಅಂತ. ಗೊತ್ತಿಲ್ಲಂದ್ರ ನಾ ಹೊರಗ, ಹೇಳಿದ್ರ ನೀ ಹೊರಗ. ಎಲ್ಲಾ ಸುಳ್ಳಂತ ಹುಡುಗ್ಯಾರ ಕಡೆ ಇನ್ನೊಂದು ವಿಡಿಯೊ ಹಾಕ್ಸಿಬಿಡು ಮಾರಾಯಾ, ಇಬ್ರೂ ಉಳೀತೇವಿ.” ಅವನ ದನಿಯಲ್ಲಿ ದರ್ಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು.

ನಾನು ಫೋನು ಎತ್ತಿಕೊಂಡೆ, ಅಳಿಸಿಬಿಡೋಣವೆಂದು. ಅಪ್ಪ ನನ್ನ ಕೈ ಹಿಡಿದ. “ನಾ ಹೇಳಿದ್ರಾಗ ಸುಳ್ಳ ಐತೇನವಾ?”

“ಇಲ್ಲಪ್ಪಾ.”

“ಮತ್ಯಾಕ ತಗೀತಿ?” ಆಮೇಲೆ ಬಸಣ್ಣನ ಕಡೆ ತಿರುಗಿದ. “ನೀ ನನ್ನ ಹೆಸರು ಹೇಳೂದು ಬ್ಯಾಡೋ. ನಾಳೆ ನಾನ ಹೋಗಿ ಹೇಳ್ತೇನಿ. ಚಹಾ ಆರಾಕತ್ತೈತಿ, ಕುಡಿ.”

ಹಾಗೇ ಹೋಗಿ ಹೇಳಿದ. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚದೆ ವಾಪಸು ಬಂತು. ವಾರದೊಳಗೆ ಕೋಣೆ ಖಾಲಿ ಮಾಡಿ ಕುಂಡಯಿಯ ಕಾರ್ಖಾನೆಯೊಂದರ ಕೆಲಸಕ್ಕೆ ಹೊರಟೆವು. ಗಂಟು ಕಟ್ಟಲು ಬಸಣ್ಣನ ಹೆಂಡತಿಯೇ ಬಂದಳು, ಕೌದಿ ಮಡಿಚುವಾಗ ಆ ಗಿಳಿಯ ತುಂಡನ್ನು ಒಳಕ್ಕೆ ಮಾಡಿ ಮಡಿಚಿದಳು. ರೇಷ್ಮಾ ಟೆಂಪೊದ ಹಿಂದೆ ಇಳಿಜಾರಿನ ತನಕ ಅಳುತ್ತ ಬಂದಳು. ‘ಗುಡ್ಡದ ಸುದ್ದಿ’ ಅಲ್ಲಿಗೆ ನಿಂತಿತು. ಆಮೇಲೆ ಆ ಕಟ್ಟಡಕ್ಕೆ ಬೆಲ್ಟುಗಳು ಬಂದವಂತೆ. ಅಪ್ಪ ಅವನ್ನು ಒಮ್ಮೆಯೂ ಕಟ್ಟಲಿಲ್ಲ. ಆ ವರ್ಷವೆಲ್ಲ ನಾನು ಅಪ್ಪನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ತಪ್ಪು ನನ್ನದಾಗಿತ್ತು, ಸಿಟ್ಟು ಅವನ ಮೇಲೆ ತೀರಿಸಿದೆ. ಅದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅಪ್ಪ ಹೋಗಿ ಎರಡು ಮಳೆಗಾಲ ಕಳೆದವು. ಫೋನು ಯಾವಾಗಲೂ ಅವನ ಕೈಯಲ್ಲೇ ಇದ್ದು ನಮ್ಮ ಚಿತ್ರವನ್ನೇ ಹಿಡಿಯುತ್ತಿತ್ತು, ಅವನು ಅದರ ಮುಂದೆ ಬಂದದ್ದು ಆ ಒಂದೇ ದಿನ. ಅವನ ಮಾತು ಕೇಳಬೇಕೆನಿಸಿದಾಗ ಆ ವಿಡಿಯೊ ಹಚ್ಚುತ್ತೇನೆ. ಮುಖ ಕೌದಿಯೊಳಗಿದೆ. ದನಿ ಸೊಳ್ಳೆಯದು, ಅಸಲು ದನಿಯನ್ನು ನಾವು ಉಳಿಸಿಕೊಳ್ಳಲೇ ಇಲ್ಲ. ಕೌದಿಯ ಅಂಚಿನಿಂದ ಹೊರಬಂದ ಒಂದು ಕೈ ಮಾತ್ರ ಕಾಣುತ್ತದೆ, ಸಿಮೆಂಟಿಗೆ ಬಿರಿದ ಬೆರಳು ಬಿಚ್ಚಿದ ದಾರವೊಂದನ್ನು ಸುತ್ತಿ ಸುತ್ತಿ ಬಿಡುತ್ತಿದೆ. ಹೆದರಿದಾಗಲೆಲ್ಲ ಅಪ್ಪ ಹಾಗೇ ಮಾಡುತ್ತಿದ್ದ.