ಹೊಟ್ಟೆನೋವು ಎಂದೆ

...ಅಥವಾ ವೈದ್ಯರು ಕೇಳಲೇ ಇಲ್ಲವೇನೋ — ಇಲ್ಲ, ಕೇಳಿದರು. ಕೇಳಲಿಲ್ಲವೆಂಬ ನೆನಪನ್ನು ನನ್ನ ಅನುಕೂಲಕ್ಕೆ ನಾನೇ ಸಾಕಿಕೊಂಡಿದ್ದೇನೆ. ಅವರು ಕೇಳಿದರು, ನಾನು ಸುಳ್ಳು ಹೇಳಿದೆ. ಅತ್ತಿಗೆ, ನಿಮಗೆ ತಪ್ಪು ಔಷಧ ತಂದುಕೊಟ್ಟವನು ನಾನು.

ಹದಿನೈದು ದಿನವಾದರೂ ನಿಮ್ಮ ಮುಟ್ಟು ನಿಂತಿರಲಿಲ್ಲ. ನಮ್ಮ ಯಳವತ್ತಿಯ ಮನೆಯಲ್ಲಿ ಹೊರಗೆ ಕೂತವರನ್ನು ಯಾರೂ ಮುಟ್ಟುವಂತಿಲ್ಲ; ನಾಡಿ ನೋಡಲು ವೈದ್ಯರನ್ನೂ ಕರೆಸುವಂತಿಲ್ಲ. ಗಂಡಸೊಬ್ಬ ಲಕ್ಷ್ಮೇಶ್ವರಕ್ಕೆ ಹೋಗಿ, ಬಾಯಲ್ಲಿ ಹೇಳಿ, ಔಷಧ ತರಬೇಕು. ಅಣ್ಣ ನನ್ನನ್ನು ಕಳಿಸಿದ. ಹಿತ್ತಲಿನಿಂದ ನೀವು ಕೂಗಿ ಹೇಳಿದಿರಿ: "ಭಾಷಣದ ತಮ್ಮಾ, ನಾಚಬ್ಯಾಡ. ಮೂರು ಹಳೀ ಸೀರಿ ಹರದು ಮುಗದಾವು, ರಕ್ತ ನಿಲ್ಲವಲ್ದು ಅಂತ ಇದ್ದದ್ದು ಇದ್ದಂಗ ಹೇಳು."

ಹೌದು, ಭಾಷಣ. ಕನ್ನಡ ನಾಡು ಒಂದಾಗಬೇಕೆಂದು ಶಿರಹಟ್ಟಿ, ಮುಂಡರಗಿಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ವೈದ್ಯರ ಕಟ್ಟೆಯ ಮೇಲೆ ಆ ಭಾಷಣ ಕೇಳಿದ್ದ ನಾಲ್ವರು ಕೂತಿದ್ದರು — ಐವರೇ?

"ಏನ್ ಬ್ಯಾನಿ?"

"ಹೊಟ್ಟಿನೋವ್ರಿ."

"ಬರೇ ಹೊಟ್ಟಿನೋವ?"

"ಹೌದ್ರಿ."

ಚೂರ್ಣದ ಪೊಟ್ಟಣ ತಂದೆ. ಎಂಟು ದಿನ ನುಂಗಿದಿರಿ. ಒಂಬತ್ತನೆಯ ದಿನ ಎಚ್ಚರ ತಪ್ಪಿದ ಮೇಲಷ್ಟೇ ನಿಮ್ಮನ್ನು ಮುಟ್ಟುವ ಧೈರ್ಯ ನಮಗೆ ಬಂತು. ಚಕ್ಕಡಿಯಲ್ಲಿ ಗದಗಿಗೆ ಒಯ್ದೆವು. ಆಸ್ಪತ್ರೆಯ ಡಾಕ್ಟರಬಾಯಿ ನಿಮ್ಮ ರೆಪ್ಪೆ ಬಿಡಿಸಿ ನೋಡಿ, "ಇಷ್ಟು ರಕ್ತ ಹೋಗೂತನಕ ಮನ್ಯಾಗ ಮನಷ್ಯಾರು ಇದ್ದಿಲ್ಲೇನು?" ಎಂದು ಒದರಿದರು. ಇಂಜೆಕ್ಷನ್ ಕೊಟ್ಟರು. ಬೆಳಗ್ಗೆ ಬಂದ ನೀವು ಸಂಜೆಗೆ ಇರಲಿಲ್ಲ.

ಅಣ್ಣ ವೈದ್ಯರನ್ನು ಬೈದ. ನಮ್ಮೂರು ಅವರ ಕಟ್ಟೆ ಹತ್ತುವುದನ್ನೇ ಬಿಟ್ಟಿತು. ನಾನೂ ಬೈದೆ — ಎಲ್ಲರಿಗಿಂತ ಜೋರಾಗಿ. ಒಮ್ಮೆ ಸಂತೆಯಲ್ಲಿ ಅವರು ನನ್ನ ತೋಳು ಹಿಡಿದರು: "ರಕ್ತ ಹೋಗತೈತಿ ಅಂತ ಒಂದು ಮಾತು ಅಂದಿದ್ರ, ಕಷಾಯ ಕೊಟ್ಟು ಅವತ್ತ ಗದಗಿಗೆ ಓಡಸ್ತಿದ್ನೆಲ್ಲೋ." ಕೊಸರಿಕೊಂಡು ಹೋದೆ.

ನಾಡು ಒಂದಾಯಿತು. ನನಗೆ ಹಾರ ಹಾಕಿದರು. ಆ ಹಾರದ ಮೇಲೆ, ಅದಕ್ಕೆ ಬಗ್ಗಿದ ಕೊರಳಿನ ಮೇಲೆ ಉಗುಳಬೇಕೆನಿಸುತ್ತದೆ. ಇದನ್ನು ನಾಚಿಕೆ ಎನ್ನಬೇಡಿ. ನಾಲ್ಕು ಗಂಡಸರ ನಗೆಗೆ ಹೆದರಿ ಒಂದು ಹೆಣ್ಣಿನ ಜೀವ ಬಿಟ್ಟುಕೊಟ್ಟ ಹೇಡಿತನ —

ನಿಜ ಹೇಳಿದ್ದರೆ ನೀವು ಉಳಿಯುತ್ತಿದ್ದಿರೋ? ಗೊತ್ತಿಲ್ಲ. ಆ ದಿನ ಪೊಟ್ಟಣವನ್ನು ಕೈಗೆ ತಾಗದಂತೆ ಹೊಸ್ತಿಲ ಆಚೆ ಹಾಕಿದಾಗ ನೀವು "ಹೇಳಿದೇನು?" ಎಂದು ಕೇಳಿದಿರಿ. "ಹೇಳೀನಿ" ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಪೊಟ್ಟಣ ಬಿಚ್ಚಿದಿರಿ. ನಂಬಿದ್ದಿರೋ ಇಲ್ಲವೋ — ಅದೂ ಗೊತ್ತಿಲ್ಲ.