ಕಾಶಿಗೆ ಹೋದ ನಮ್ಮ ಅತ್ತೆ

ಸಭೆಗಳಲ್ಲಿ ನನ್ನ ಪರಿಚಯ ಮಾಡಿಕೊಡುವವರು ಒಂದು ಕಡೆ ತಪ್ಪದೆ ಎಡವುತ್ತಾರೆ. ‘ಇವರು ಮರಾಠಿಯಿಂದ ಕನ್ನಡಕ್ಕೆ ಕಾದಂಬರಿಗಳನ್ನು ತಂದವರು’ ಎನ್ನುವವರೆಗೆ ದನಿ ಗಟ್ಟಿಯಾಗಿರುತ್ತದೆ. ‘ಅಲ್ಲದೆ, ಮನಸ್ಸಿನ ಕಾಯಿಲೆಯವರ ಸಲುವಾಗಿಯೂ...’ ಎಂಬಲ್ಲಿಗೆ ಬಂದಾಗ ದನಿ ತಗ್ಗುತ್ತದೆ, ನನಗೇ ಆ ಕಾಯಿಲೆ ಇದ್ದು ಅವರು ದೊಡ್ಡ ಮನಸ್ಸಿನಿಂದ ಮುಚ್ಚಿಡುತ್ತಿದ್ದಾರೆ ಎಂಬಂತೆ. ಆಮೇಲೆ ಚಹಾ ಕುಡಿಯುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಈ ಎರಡು ಕೆಲಸಗಳಿಗೆ ಏನು ಸಂಬಂಧ ಎಂದು. ಎರಡನ್ನೂ ನಾನು ಕಲಿತದ್ದು ಒಂದೇ ಮನೆಯಲ್ಲಿ, ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಕನ್ನಡ ನಾಡು ಒಂದಾಗಿ ಕೆಲವೇ ವರ್ಷ ಕಳೆದಿದ್ದ ಕಾಲದಲ್ಲಿ.

ನಮ್ಮ ಮನೆಯ ಮೊದಲ ಅನುವಾದಕರು ನನ್ನ ಅಪ್ಪ. ಅವರು ಸಾಲಿ ಮಾಸ್ತರರು. ‘ಸತ್ಯವನ್ನೇ ನುಡಿಯಬೇಕು’ ಎಂದು ದಿನಾ ಬೆಳಿಗ್ಗೆ ಹಲಗೆಯ ಮೇಲೆ ದುಂಡಗೆ ಬರೆದು ಪಾಠ ಶುರುಮಾಡುವವರು. ಅವರ ತಂಗಿಯನ್ನು, ಅಂದರೆ ನನ್ನ ಸೋದರತ್ತೆಯನ್ನು, ಸಾಂಗಲಿಯ ಕಡೆ ಕೊಟ್ಟಿದ್ದರು. ಹುಟ್ಟಿದ ಕೂಸು ತೀರಿಹೋದ ಮೇಲೆ ಅತ್ತೆ ಮಾತು ಬಿಟ್ಟಳು, ಊಟ ಬಿಟ್ಟಳು; ಗಂಡನ ಮನೆಯವರು ಅತ್ತೆಯನ್ನೇ ತಂದು ನಮ್ಮ ಕಟ್ಟೆಯ ಮೇಲೆ ಬಿಟ್ಟರು. ನಮ್ಮಲ್ಲಿಯೂ ಆಕೆ ಹಿತ್ತಲಲ್ಲಿ ಕೂತರೆ ಕೂತಲ್ಲೇ, ಮಳೆ ಬಂದರೂ ಏಳುತ್ತಿರಲಿಲ್ಲ. ಒಂದು ದಿನ ನಸುಕಿನಲ್ಲಿ ಅಪ್ಪ ಆಕೆಯನ್ನು ಧಾರವಾಡಕ್ಕೆ ಕರೆದೊಯ್ದು ಮನೋರೋಗಿಗಳ ದವಾಖಾನೆಗೆ ಸೇರಿಸಿ ಬಂದರು. ಓಣಿಯವರು ಕೇಳಿದಾಗ ಕಣ್ಣು ಮಿಟುಕಿಸದೆ ಹೇಳಿದರು, ‘ಕಾಶಿಗೆ ಹೋಗ್ಯಾಳ್ರಿ. ಸಾಂಗಲಿ ಮಂದಿ ಹೊಂಟಿದ್ರು, ಜೋಡಿ ಕಳಿಸಿದೆ.’

ಹುಬ್ಬಳ್ಳಿಯವರಿಗೆ ಧಾರವಾಡ ಎಂದರೆ ಕಾಲೇಜು ಅಲ್ಲ, ಸಂಗೀತ ಅಲ್ಲ, ಪೇಢೆಯೂ ಅಲ್ಲ. ಯಾರಾದರೂ ತುಸು ಅಡ್ಡಾದಿಡ್ಡಿ ಮಾತಾಡಿದರೆ ಸಾಕು, ‘ಇವನ್ನ ಧಾರವಾಡಕ್ಕ ಒಯ್ಯಬೇಕು ನೋಡು’ ಎನ್ನುವುದು ವಾಡಿಕೆ. ಅಂಥ ಊರಿನ ಹೆಸರನ್ನು ಅಪ್ಪ ಸಲೀಸಾಗಿ ಪುಣ್ಯಕ್ಷೇತ್ರವಾಗಿ ಅನುವಾದಿಸಿದ್ದರು. ಅಕ್ಕನ ಲಗ್ನ ಆಗಬೇಕಿತ್ತಲ್ಲ! ಕನ್ಯೆ ನೋಡಲು ಬಂದವರು ಮನೆತನ ವಿಚಾರಿಸಿದಾಗ, ಅತ್ತೆ ಕಾಶಿಯಲ್ಲೇ ನಿಂತು ದೇವರ ಸೇವೆ ಮಾಡುತ್ತಿದ್ದಾಳೆ ಎಂದದ್ದಕ್ಕೆ ಬೀಗರು ಕೈಮುಗಿದರು. ಲಗ್ನ ಸುಸೂತ್ರವಾಗಿ ಆಯಿತು.

ಒಂದು ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದಷ್ಟೇ ಖರ್ಚಿನ ಕೆಲಸ. ಕಾಶಿಯಲ್ಲಿ ಚಳಿ ಹೇಗಿದೆ, ಅಲ್ಲಿ ಜೋಳ ಸಿಗುತ್ತದೆಯೇ ಎಂದು ಓಣಿ ಕೇಳುತ್ತಲೇ ಇತ್ತು, ಅವ್ವ ಉತ್ತರ ಹುಟ್ಟಿಸುತ್ತಲೇ ಇದ್ದಳು. ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವಳು ಎದುರು ಮನೆಯ ಮುದುಕಿ. ಓಣಿಗೆಲ್ಲ ಆಕೆ ‘ಆಯಿ’. ಆಕೆಯ ಒಬ್ಬನೇ ಮಗ ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದ. ದೀಪಾವಳಿಗೂ ಬರುತ್ತಿರಲಿಲ್ಲ. ‘ಗಿರಣಿ ಸಾವಕಾರ ಸೂಟಿ ಕೊಡಂಗಿಲ್ಲವಾ’ ಎಂದು ಆಯಿ ಹೇಳಿದಾಗಲೆಲ್ಲ ನಾವು ಆ ಕಾಣದ ಸಾವಕಾರನ ವಂಶವನ್ನೇ ಬೈಯುತ್ತಿದ್ದೆವು. ಅದು ಮುಗಿದ ಮೇಲೆ ಆಯಿ ಅವ್ವನಿಗೆ ನೆನಪು ಮಾಡುತ್ತಿದ್ದಳು, ‘ನಿಮ್ಮ ನಾದಿನಿಗೆ ಹೇಳಿ ಕಳಸವಾ, ಸಾಯೂವಾಗ ನನ್ನ ಬಾಯಾಗ ಬಿಡಾಕ ಒಂದು ಗಿಂಡಿ ಗಂಗಾ ತರಾಕ.’

ನಾನು ಧಾರವಾಡದ ಕಾಲೇಜು ಸೇರಿದ ಮೇಲೆ ಅತ್ತೆಯನ್ನು ನೋಡಲು ಹೋಗತೊಡಗಿದೆ. ಅಪ್ಪ ಒಂದೇ ಷರತ್ತು ಹಾಕಿದ್ದರು: ಬಸ್ಸಿನಲ್ಲಿ ದವಾಖಾನೆಯ ಹೆಸರು ಎತ್ತಕೂಡದು, ಮುಂದಿನ ಸ್ಟಾಪಿಗೆ ಟಿಕೀಟು ತೆಗೆದು ಹಿಂದಕ್ಕೆ ನಡೆದು ಬರಬೇಕು. ಈ ಉಪಾಯ ನಮ್ಮ ಮನೆಯದೇ ಎಂದುಕೊಂಡಿದ್ದೆ. ಆದರೆ ಭೇಟಿಯ ದಿನ ಆ ಮುಂದಿನ ಸ್ಟಾಪಿನಲ್ಲಿ ಅರ್ಧ ಬಸ್ಸು ಇಳಿಯುತ್ತಿತ್ತು. ಬುತ್ತಿಗಂಟು ಹಿಡಿದವರು ಒಬ್ಬರ ಮುಖ ಒಬ್ಬರು ನೋಡದೆ, ಬೇವಿನ ಮರಗಳನ್ನೇ ಮೊದಲ ಸಲ ಕಾಣುವವರಂತೆ ನೋಡುತ್ತ, ಸಾಲಾಗಿ ಹಿಂದಕ್ಕೆ ನಡೆಯುತ್ತಿದ್ದೆವು.

ಅತ್ತೆಗೆ ಅಷ್ಟರಲ್ಲಿ ಮಾತು ಮರಳಿತ್ತು. ನಾನು ಆಗ ಮೊದಲ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಸಾಂಗಲಿಯಲ್ಲಿ ಬಾಳಿದ ಅತ್ತೆಗೆ ಎರಡೂ ಭಾಷೆ ಸಲೀಸು. ದವಾಖಾನೆಯ ಅಂಗಳದಲ್ಲಿ ಕೂತು ನಾನು ನನ್ನ ಪುಟಗಳನ್ನು ಓದಿದರೆ, ಅತ್ತೆ ಕೈಯಲ್ಲಿ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಅದರೊಳಗಿನ ಒಬ್ಬ ವಿಧವೆ ಉದ್ದುದ್ದ ವಾಕ್ಯಗಳಲ್ಲಿ ಶೋಕಿಸುವ ಜಾಗ ಬಂದಾಗ ಕೈ ನಿಲ್ಲಿಸಿ, ‘ಇಷ್ಟ ಚಂದಾಗಿ ಮಾತಾಡಾಕ ಬರತಿದ್ರ ಆಕಿಗೆ ದುಃಖ ಎಲ್ಲಿ ಆಗೇತಿ? ಅರ್ಧಾ ಕಡಿ’ ಎಂದಳು. ನಾನು ಅರ್ಧ ಕಡಿದೆ. ಪುಸ್ತಕ ಹೊರಬಂದಾಗ ಧಾರವಾಡದ ಹಿರಿಯ ವಿದ್ವಾಂಸರೊಬ್ಬರು ಸಭೆಯಲ್ಲಿ ಎದ್ದು ನಿಂತು ಆ ಪುಟದ ‘ಸಮತೂಕದ ಬುದ್ಧಿ’ಯನ್ನು ಬಹಳ ಹೊಗಳಿದರು. ಆ ಬುದ್ಧಿ ಯಾವ ಕಾಂಪೌಂಡಿನೊಳಗೆ ಕೂತಿದೆ ಎಂದು ಹೇಳುವ ಆಸೆಯನ್ನು ಚಹಾದ ಜೊತೆ ನುಂಗಿಕೊಂಡೆ.

ಒಂದು ಸಲ ಡಾಕ್ಟರರು ನನ್ನನ್ನು ನಿಲ್ಲಿಸಿ ಹೇಳಿದರು, ‘ಇವರು ಆರಾಮಾಗಿ ಭಾಳ ದಿನಾ ಆತು. ಮನಿಯವರು ಯಾರರ ಬಂದು ಕರಕೊಂಡು ಹೋಗಬೇಕಲ್ಲ?’

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಗೆ ಬಂದು ಪಡಸಾಲೆಯಲ್ಲಿ ಕೂಗಾಡಿದೆ. ಅಪ್ಪ ಓಣಿಗೆ ಕೇಳೀತೆಂದು ಕಿಟಕಿ ಮುಚ್ಚಿ, ‘ತರೋಣ. ನನ್ನ ತಂಗಿ ಅಲ್ಲೇನು ಆಕಿ? ಆದ್ರ ಕಾಶಿಗೆ ಹೋದಾಕಿ ಕಾಶಿಯಿಂದನ ಬರಬೇಕು. ಗುಟ್ಟು ಒಡೀತಂದ್ರ ನಿನ್ನ ಲಗ್ನ ಆಗೂದಿಲ್ಲ. ಹಂಗೇನರ ಆದ್ರ ಮರುದಿನ ಆಕಿನ್ನ ಅಲ್ಲೇ ಬಿಟ್ಟು ಬರತೇನಿ’ ಎಂದರು. ನನ್ನ ಲಗ್ನದ ಚಿಂತೆ ನನಗಿರಲಿಲ್ಲ. ಆದರೆ ಅಪ್ಪ ಆಡಿದಂತೆ ಮಾಡುವವರು. ಅತ್ತೆ ಮತ್ತೆ ಆ ಗೇಟಿನೊಳಗೆ ಹೋಗಬಾರದೆಂದು ಒಪ್ಪಿಕೊಂಡೆ.

ಆಮೇಲೆ ನಡೆದ ತಯಾರಿಯನ್ನು ಏನೆಂದು ಹೇಳಲಿ! ಪುಣೆಯ ಗಾಡಿ ಧಾರವಾಡದ ಮೇಲೆ ಹಾಯ್ದೇ ಹುಬ್ಬಳ್ಳಿಗೆ ಬರುತ್ತದೆ. ಅತ್ತೆಯನ್ನು ಧಾರವಾಡದಲ್ಲಿ ಅದಕ್ಕೆ ಹತ್ತಿಸಿದರೆ ಉತ್ತರದಿಂದ ಬಂದಂತೆಯೇ ಆಯಿತು. ಅವ್ವ ಭಾಂಡೆ ಅಂಗಡಿಯಿಂದ ಚಿಕ್ಕ ತಾಮ್ರದ ಗಿಂಡಿಗಳನ್ನು ತಂದಳು. ಅಪ್ಪ ಉಣಕಲ್ಲ ಕೆರೆಗೆ ಹೋಗಿ ನೀರು ತುಂಬಿ, ಬಾಯಿಗೆ ಬೆಸುಗೆ ಹಾಕಿಸಿದರು. ಕಾಶಿಯಿಂದ ಬಂದವರ ಮನೆಯಲ್ಲಿ ಸಮಾರಾಧನೆ ಆಗಲೇಬೇಕು; ಓಣಿಗೆಲ್ಲ ಊಟಕ್ಕೆ ಹೇಳಿದ್ದಾಯಿತು.

ಗಾಡಿಯಲ್ಲಿ ಅಪ್ಪ ತಂಗಿಗೆ ಪಾಠ ಹೇಳಿಕೊಟ್ಟರು. ಕಾಶಿಗೆ ಹೋದವರು ತಮಗೆ ಪ್ರೀತಿಯ ತಿನಿಸೊಂದನ್ನು ಅಲ್ಲಿ ಬಿಟ್ಟು ಬರುವ ಪದ್ಧತಿ, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟುವಂತಿಲ್ಲ. ‘ಏನು ಬಿಟ್ಟು ಬಂದಿ ಅಂತ ಕೇಳ್ತಾರ. ಬದನಿಕಾಯಿ ಅನ್ನು.’

ಅತ್ತೆಯ ಮುಖ ಸಣ್ಣದಾಯಿತು. ‘ಹಾಗಲಕಾಯಿ ಅಂದ್ರ ಆಗೂದಿಲ್ಲೇನೋ ಅಣ್ಣಾ?’

‘ಹಾಗಲಕಾಯಿ ಬಿಟ್ರ ಯಾವ ಪುಣ್ಯ ಬರತೈತಿ? ನಿನಗ ಬದನಿಕಾಯಿ ಅಂದ್ರ ಜೀವ ಅನ್ನೂದು ಓಣಿಗೆಲ್ಲ ಗೊತ್ತೈತಿ.’ ಇಷ್ಟು ದೊಡ್ಡ ಸುಳ್ಳಿನೊಳಗೆ ಶಾಸ್ತ್ರ ಮಾತ್ರ ಕೆಡಬಾರದು ಎಂಬುದು ನಮ್ಮ ಮಾಸ್ತರರ ನಿಷ್ಠೆ.

ಬಾಗಿಲಲ್ಲಿ ಆರತಿ ಆಯಿತು. ಓಣಿಯ ಹೆಂಗಸರೆಲ್ಲ ಅತ್ತೆಯ ಕಾಲು ತೊಳೆದು, ಆ ನೀರನ್ನು ತಲೆಗೆ ಚಿಮುಕಿಸಿಕೊಂಡರು. ದವಾಖಾನೆಯಿಂದ ಬಂದವಳು ಎಂದು ತಿಳಿದಿದ್ದರೆ ಅದೇ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡು ಅಗಳಿ ಹಾಕುತ್ತಿದ್ದರು. ಆಯಿ ತನ್ನ ಗಿಂಡಿಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಪಡಸಾಲೆಯಲ್ಲಿ ಎಲೆ ಹಾಕಿದರು. ಹೋಳಿಗೆ ಬಂತು, ತುಪ್ಪ ಬಂತು. ಅವ್ವ ಹಬ್ಬದ ಅಡಿಗೆ ಎಂದರೆ ಇದೇ ಎಂಬ ರೂಢಿಯಲ್ಲಿ, ಏನೂ ಯೋಚಿಸದೆ ದೊಡ್ಡ ಪಾತೇಲಿಯ ತುಂಬ ಬದನೆಯ ಎಣ್ಣೆಗಾಯಿ ಮಾಡಿದ್ದಳು. ಬಡಿಸುವಾಕೆ ಅತ್ತೆಯ ಎಲೆಯ ಹತ್ತಿರ ಬಂದಾಗ ಪಕ್ಕದಲ್ಲಿ ಕೂತಿದ್ದ ಆಯಿ ತಡೆದಳು. ‘ತಡೀವಾ. ಕಾಶ್ಯಾಗ ಏನು ಬಿಟ್ಟು ಬಂದೀರಿ, ತಂಗಿ?’

ಅತ್ತೆ ಅಪ್ಪನ ಕಡೆ ನೋಡಿದಳು. ಅಪ್ಪ ತುಟಿಯಲ್ಲೇ ‘ಬದನಿ, ಬದನಿ’ ಎನ್ನುತ್ತಿದ್ದರು. ಅತ್ತೆ ಪಾತೇಲಿಯ ಕಡೆ ನೋಡಿದಳು. ಇಷ್ಟು ವರ್ಷಗಳಲ್ಲಿ ಆಕೆಗೆ ಮನೆಯ ಎಣ್ಣೆಗಾಯಿ ಸಿಕ್ಕಿರಲಿಲ್ಲ.

‘ಕಾಶಿಗೆ ನಾ ಎಲ್ಲಿ ಹೋಗಿದ್ದೆ, ಆಯಿ? ಧಾರವಾಡದ ದವಾಖಾನ್ಯಾಗ ಇದ್ದೆ. ತಲಿ ಕೆಟ್ಟಿತ್ತು, ಈಗ ಛಲೋ ಆಗೇತಿ. ಆ ಗಿಂಡ್ಯಾಗಿಂದು ಉಣಕಲ್ಲ ಕೆರಿ ನೀರು, ಸಾಯೂವಾಗ ಕುಡೀಬ್ಯಾಡ್ರಿ. ಹಾಕವಾ ಎಣ್ಣಿಗಾಯಿ, ಎರಡು ಹಾಕು.’

ಬಡಿಸುವಾಕೆ ಎರಡು ಹಾಕಿದಳು, ಅತ್ತೆ ಉಣ್ಣತೊಡಗಿದಳು. ಆಮೇಲೆ ಎರಡು ಮನೆಯವರು ಮೈಲಿಗೆಯಾದವರಂತೆ ಎದ್ದು ಹೋದರು, ಹೋಳಿಗೆ ಮುಗಿಸಿಯೇ ಎದ್ದರು ಅನ್ನಿ. ಆಯಿ ಮಾತ್ರ ಕೂತಲ್ಲೇ ಕೂತಿದ್ದಳು. ಅತ್ತೆ ಉಂಡು ಮುಗಿಸುವವರೆಗೂ ಏಳಲಿಲ್ಲ. ಎದ್ದಾಗ ಸೆರಗಿನ ಗಿಂಡಿ ಬಿಚ್ಚಿ ಕಟ್ಟೆಯ ಮೇಲಿಟ್ಟು ಹೋದಳು. ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪ ಕೋಟು ಟೊಪ್ಪಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಿಂತಿದ್ದರು. ಅತ್ತೆ ಯಾರೂ ಹೇಳದೆಯೇ ತನ್ನ ಸೀರೆಗಳನ್ನು ಗಂಟು ಕಟ್ಟಿ ಕೂತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು ಅಳುತ್ತಿದ್ದೆ. ಆಗ ಆಯಿ ಬಂದಳು. ದೊಡ್ಡ ಅಂಚಿನ ದಡಿ ಸೀರೆ ಉಟ್ಟಿದ್ದಳು, ಕೈಯಲ್ಲಿ ಬುತ್ತಿ ಇತ್ತು. ಅಪ್ಪನ ಕಡೆ ನೋಡದೆ ಅತ್ತೆಯ ಎದುರು ಕೂತಳು.

‘ಅಲ್ಲಿ ಗಂಡಸರ ಕಡೆ ಒಬ್ಬ ಎತ್ತರನ್ನ ಹುಡುಗ ಅದಾನೇನು, ತಂಗಿ? ಹುಬ್ಬಿನ ಮ್ಯಾಲೆ ಗಾಯದ ಕಲಿ ಐತಿ. ನನ್ನ ಮಗ. ಬಿಟ್ಟು ಬಂದ ಮ್ಯಾಲೆ ನಾ ಒಮ್ಮೆನೂ ಹೋಗಿಲ್ಲ. ಮಂದಿ ನೋಡ್ತಾರಂತ ಅಂಜಿ...’

ಅತ್ತೆ ಸೀರೆಯ ಗಂಟನ್ನು ಬದಿಗೆ ಸರಿಸಿ ಆಕೆಯ ಕೈ ಹಿಡಿದಳು. ‘ಅದಾನ. ತ್ವಾಟದಾಗ ನೀರು ಹಾಕ್ತಾನ. ಬರ್ರಿ, ತೋರಸ್ತೇನಿ.’

ಆಯಿ ಆಗ ಅಪ್ಪನಿಗೆ ಹೇಳಿದಳು, ‘ಮಾಸ್ತರ, ನಿಮ್ಮ ತಂಗಿನ್ನ ನಾ ಕರಕೊಂಡು ಹೋಗಿ ನಾನ ಕರಕೊಂಡು ಬರತೇನಿ. ನೀವು ಸಾಲಿಗೆ ಹೋಗ್ರಿ.’ ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದರು.

ನಾನೂ ಜೊತೆಗೆ ಹೋದೆ. ಅದು ಭೇಟಿಯ ದಿನ, ಬಸ್ಸು ತುಂಬಿತ್ತು. ಕಂಡಕ್ಟರ್ ‘ಧಾರವಾಡದಾಗ ಎಲ್ಲಿ ಇಳೀತೀರಿ?’ ಎಂದಾಗ ರೂಢಿಯಂತೆ ನನ್ನ ಬಾಯಿಗೆ ಮುಂದಿನ ಸ್ಟಾಪಿನ ಹೆಸರೇ ಬಂತು. ಅಷ್ಟರಲ್ಲಿ ಆಯಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು, ‘ಹುಚ್ಚರ ದವಾಖಾನಿ ಮುಂದ ನಿಂದರಸಪಾ. ನನ್ನ ಮಗ ಅದಾನ ಅಲ್ಲಿ.’

ಬಸ್ಸು ಗೇಟಿನ ಎದುರಿಗೇ ನಿಂತಿತು. ನಾವು ಇಳಿದೆವು. ನಮ್ಮ ಹಿಂದೆ, ಬುತ್ತಿಗಂಟು ಹಿಡಿದು, ಅರ್ಧ ಬಸ್ಸು ಇಳಿಯಿತು.