ಮೂಕಿ ಚಿತ್ರದ ಹಾಡುಗಾರ್ತಿಗೆ ಅವ್ವನ ಭೈರವ

ಫೆಬ್ರವರಿ 8, ಶನಿವಾರ, ಸಂಜೆ 4.10. ಲೈಲ್ ಊರಿನ ನಮ್ಮ ಮನೆಗೆ ಒಂದು ಫೋನ್ ಬಂತು. ಮೂರು ಮೈಲಿ ದೂರದ ಲೈಬ್ರರಿಯಲ್ಲಿ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಮಹಿಳೆ ಮಾತಾಡಿದರು. ಏಳು ಗಂಟೆಗೆ ಅಲ್ಲಿ ಇಟಲಿಯ ಹಳೆಯ ಮೂಕಿ ಚಿತ್ರವೊಂದಿತ್ತು. ಪರದೆಯ ಪಕ್ಕದಲ್ಲಿ ಪಿಯಾನೋ ನುಡಿಸಬೇಕಾದವರು ಪ್ಲಿಮತ್ ಎಂಬ ದೂರದ ಊರಿನಿಂದ ಹೊರಟು ದಾರಿಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದಿದ್ದರು. ನಿಮ್ಮ ತಾಯಿ ಹಾಡುತ್ತಾರಲ್ಲ, ಬರಬಹುದೇ ಎಂದು ಕೇಳಿದರು.

ಹಾಡುತ್ತಾಳೆಂದು ಅವರಿಗೆ ಗೊತ್ತಿದ್ದದ್ದು ಅವ್ವ ಅಲ್ಲಿ ಹಾಡಲು ಮೂರು ಸಲ ಅಪ್ಲೈ ಮಾಡಿದ್ದರಿಂದ. ಮೂರು ಸಲವೂ ನೋಡೋಣ ಎಂಬ ಉತ್ತರ ಬಂದಿತ್ತು. ಅವ್ವ ಧಾರವಾಡದಲ್ಲಿ ಹಿಂದೂಸ್ತಾನಿ ಕಲಿತವಳು. ಈ ದೇಶಕ್ಕೆ ಬಂದ ಮೇಲೆ ಹಾಡಿದ್ದೆಲ್ಲ ಇಲ್ಲಿಯ ಕನ್ನಡಿಗರ ಸಮಾರಂಭಗಳಲ್ಲಿ. ನನ್ನ ಡೈರಿಯ ಪ್ರಕಾರ ಒಟ್ಟು ಏಳು ಸಲ. ಏಳು ಸಲವೂ ಅವಳು ಷಡ್ಜ ಹಿಡಿಯುವುದಕ್ಕೂ ಊಟದ ಸಾಲು ಶುರುವಾಗುವುದಕ್ಕೂ ಸರಿಹೋಗಿದೆ. ಶಾಮ್‌ಬರ್ಗ್ ಊರಿನ ಸಮಾರಂಭದಲ್ಲಿ ಕೊನೆಯವರೆಗೆ ಉಳಿದವರು ಹನ್ನೊಂದು ಜನ, ಅವರಲ್ಲಿ ನಾಲ್ವರಿಗೆ ನಿದ್ದೆ. ಒಮ್ಮೆಯಾದರೂ ಯಾರೂ ಎದ್ದುಹೋಗದ ಕಡೆ ಹಾಡಬೇಕೆಂಬುದು ಅವ್ವನ ಆಸೆ. ಕೂಡಲೇ ಒಪ್ಪಿದಳು.

ಅವಳು ಸೀರೆ ಉಡುವಷ್ಟರಲ್ಲಿ ನಾನು ಆ ಚಿತ್ರದ ನಾಯಕಿಯ ಬಗ್ಗೆ ಸಿಕ್ಕಷ್ಟು ಓದಿ ಹೇಳಿದೆ. ಆಕೆ ಚಿಕ್ಕಂದಿನಲ್ಲಿ ನೇಪಲ್ಸ್‌ನ ಕಾಫಿ ಹೋಟೆಲುಗಳ ವೇದಿಕೆಯಲ್ಲಿ ಹಾಡುತ್ತಿದ್ದವಳು. ಯಾರೋ ನೋಡಿ ಸಿನಿಮಾಕ್ಕೆ ಕರೆದರು. ಹೆಸರು ಬಂತು. ಚಿತ್ರ ತೋರಿಸುವಾಗ ಕೆಲವೊಮ್ಮೆ ತಾನೇ ಪರದೆಯ ಪಕ್ಕ ನಿಂತು, ಪರದೆಯ ಮೇಲಿನ ತನ್ನ ತುಟಿಗೆ ಸರಿಯಾಗಿ ಹಾಡುತ್ತಿದ್ದಳಂತೆ. ಸಿನಿಮಾ ಮಾತಾಡಲು ಕಲಿತಾಗ ಆಕೆಗೆ ಪಾತ್ರ ಸಿಗಲಿಲ್ಲ. ಮತ್ತೆ ವೇದಿಕೆಗೆ ಹೋದಳು.

“ಹಾಡಾಕಿನ್ನ ಕರ್ಕೊಂಡು ಹೋಗಿ ದನಿ ಇಲ್ಲದ ಪಿಚ್ಚರ್‌ನ್ಯಾಗ ಹಾಕಿದ್ರ?” ಎಂದಳು ಅವ್ವ. “ದನಿ ಬಂದ ಮ್ಯಾಲೆ ಮನಿಗೆ ಕಳಸಿದ್ರ? ಶಾಣ್ಯಾ ಮಂದಿ ಬಿಡು.”

ತೊಂದರೆ ಕಾರಿನಲ್ಲಿ ಶುರುವಾಯಿತು. ಚಿತ್ರದಲ್ಲಿ ಆ ನಾಯಕಿಯದು ಬಟ್ಟೆ ಒಗೆಯುವ ಹುಡುಗಿಯ ಪಾತ್ರ. ಆಕೆ ಬಾಲ್ಕನಿಯಲ್ಲಿ ನಿಂತು, ಸೂರ್ಯ ಹುಟ್ಟುವಾಗ ಹಾಡುತ್ತಾಳೆ. ಅಲ್ಲಿಗೆ ಭೈರವ ರಾಗವೇ ಬೇಕು. ಆದರೆ ಭೈರವ ಬೆಳಗಿನ ರಾಗ. ಅದನ್ನು ರಾತ್ರಿ ಏಳಕ್ಕೆ ಹಾಡುವುದು ಅವ್ವನ ಗುರುಗಳ ಮನೆಯಲ್ಲಿ ಕೇಳರಿಯದ ಮಾತು. ಸಂಜೆಯ ಯಮನ್ ಹಾಡೋಣವೆಂದರೆ ಪರದೆಯ ಮೇಲೆ ಸೂರ್ಯ ಹುಟ್ಟುತ್ತಿರುತ್ತಾನೆ. ವಾಪಸ್ ಹೋಗೋಣ ಎಂದಳು.

ಅಪ್ಪ ಇಂಜಿನಿಯರ್. ಡ್ರೈವ್ ಮಾಡುತ್ತಲೇ ದಾರಿ ಹುಡುಕಿದರು. ಕಥೆ ನಡೆಯುವುದು ಇಟಲಿಯಲ್ಲಿ, ಆದ್ದರಿಂದ ಅಲ್ಲಿಯ ಹೊತ್ತು ಹಿಡಿಯಬೇಕು. ಏಳೂಕಾಲಕ್ಕೆ ಅಲ್ಲಿ ಎಷ್ಟಾಗಿರುತ್ತದೆ ಎಂದು ನನ್ನನ್ನು ಕೇಳಿದರು. ರಾತ್ರಿ ಎರಡೂಕಾಲು ಎಂದೆ.

“ಹಂಗಾರ ಅಕಿ ಇನ್ನೂ ಎದ್ದಿಲ್ಲ” ಎಂದರು ಅಪ್ಪ.

ಧಾರವಾಡದಲ್ಲಿ ಆಗ ಬೆಳಿಗ್ಗೆ ಆರೂಮುಕ್ಕಾಲು ಎಂದು ನಾನು ಹೇಳಿದೆ. ಒಂದು ಸಿಗ್ನಲ್ ದಾಟುವವರೆಗೆ ಅವ್ವ ಬೆರಳಿನಲ್ಲಿ ಲೆಕ್ಕ ಹಾಕಿದಳು.

“ಗಂಟಲ ಧಾರವಾಡದ್ದು. ಗಡಿಯಾರ ಅಷ್ಟ ಇಲ್ಲೀದು. ಹಾಡ್ತೀನಿ.”

ಹೊರಗೆ 9 ಡಿಗ್ರಿ ಫ್ಯಾರನ್‌ಹೀಟ್, ಒಳಗೆ 41 ಜನ. ಅಪ್ಪನ ಮೊಬೈಲಿನಲ್ಲಿ ತಂಬೂರಿ. ನೀನು ಹಾಡುವುದು ಬಾಲ್ಕನಿಯ ದೃಶ್ಯಕ್ಕಷ್ಟೇ, ಅದು ಎರಡೇ ನಿಮಿಷದ್ದು, ಮುಗಿದಾಗ ನಾನು ನಿನ್ನ ಮೊಣಕಾಲು ತಟ್ಟುತ್ತೇನೆ, ನೀನು ನಿಲ್ಲಿಸಬೇಕು ಎಂದು ಮಾತಾಗಿತ್ತು. ಅವ್ವ ಹಾಡುವಾಗ ಕಣ್ಣು ಮುಚ್ಚುತ್ತಾಳೆ ಎಂಬುದನ್ನು ನಾವ್ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

7.18ಕ್ಕೆ ಹುಡುಗಿ ಬಾಲ್ಕನಿಗೆ ಬಂದಳು. ಅವ್ವ ಕಣ್ಣು ಮುಚ್ಚಿ ಆಲಾಪಕ್ಕಿಳಿದಳು. ಎರಡು ನಿಮಿಷಕ್ಕೆ ನಾನು ಅವಳ ಮೊಣಕಾಲು ತಟ್ಟಿದೆ. ನಾನು ತಾಳ ಹಾಕುತ್ತಿದ್ದೇನೆಂದು ತಿಳಿದು, ಆಲಾಪಕ್ಕೆ ತಾಳ ಬೇಡವೆಂಬಂತೆ ನನ್ನ ಕೈಹಿಡಿದು ಪಕ್ಕಕ್ಕಿಟ್ಟಳು. ಅವ್ವ ಮಂದ್ರದ ಕೆಳಸ್ವರಗಳಿಂದ ಮೇಲೆ ಬರುವಷ್ಟರಲ್ಲಿ ಹುಡುಗಿಗೆ ಮದುವೆಯಾಗಿ, ಮೋಸವಾಗಿ, ಕೆಮ್ಮು ಶುರುವಾಗಿತ್ತು. ಆಕೆ ಹಾಸಿಗೆ ಹಿಡಿದಾಗ ಬಂದಿಶ್, ಎಂದರೆ ಹಾಡಿನ ಸಾಲು, ಶುರುವಾಯಿತು. ಪ್ರಾಣ ಹೋದದ್ದು ಸರಿಯಾಗಿ ಒಂದು ವೇಗದ ತಾನಿನ ನಡುವೆ. 7.59ಕ್ಕೆ ಪರದೆ ಬಿಳಿಯಾಯಿತು. ಅವ್ವ ನಿಲ್ಲಿಸಲಿಲ್ಲ.

ನಾನು ತಲೆ ಎಣಿಸುತ್ತ ಕೂತೆ. ಒಬ್ಬರು ಕಾರಿನ ಹಿಮ ಒರೆಸಲು ಹೊರಗೆ ಹೋದರು. 40 ಎಂದು ಬರೆದುಕೊಂಡೆ. ವಾಪಸ್ ಬಂದು ಕೂತರು, ತಿದ್ದಿದೆ. ಲೈಬ್ರರಿಯ ಮಹಿಳೆ ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟು ಹಾಗೆಯೇ ನಿಂತಿದ್ದರು, ಒತ್ತಲಿಲ್ಲ.

8.13ಕ್ಕೆ ಅವ್ವ ಕಣ್ಣು ತೆರೆದು ಖಾಲಿ ಪರದೆ ನೋಡಿದಳು.

“ಅಕಿ ಎಲ್ಲಿ ಹೋದ್ಲು?”

“ಅಕಿ ಸತ್ತು ಕಾಲು ತಾಸಾತು” ಎಂದರು ಅಪ್ಪ. “ನಿಂದು ಇನ್ನೂ ಬೆಳಗ ಮುಗಿದಿಲ್ಲ.”

ಅವ್ವ ನನ್ನ ಕಡೆ ತಿರುಗಿ ಎಷ್ಟು ಮಂದಿ ಎದ್ದುಹೋದರೆಂದು ಕೇಳಿದಳು.

“ಒಬ್ಬರೂ ಇಲ್ಲವ್ವಾ.”

ಆಗ ಚಪ್ಪಾಳೆ ಬಂತು. ಲೈಬ್ರರಿಯವರು ಏಪ್ರಿಲ್‌ನಲ್ಲಿ ಮತ್ತೆ ಬನ್ನಿ, ಚಿತ್ರವಿಲ್ಲದೆ ನೀವೊಬ್ಬರೇ ಹಾಡಿ ಎಂದರು. ಅವ್ವ ಒಪ್ಪಿದಳು, ಆದರೆ ಬಾಲ್ಕನಿಯ ಆ ಎರಡು ನಿಮಿಷ ಮಾತ್ರ ಪರದೆಯ ಮೇಲೆ ಇರಲಿ ಎಂದಳು. ಕಾರಿನಲ್ಲಿ ಕಾರಣ ಹೇಳಿದಳು:

“ನನ್ನ ಹಾಡು ಎಲ್ಲಾರೂ ಕೇಳಿದ್ರು. ಅಲ್ಲಿ ಬಾಯಿ ತಗದು ನಿಂತಾಕಿ ಅಕಿ. ಅಕೀದು ಏನಿತ್ತು ಅಂತ ಯಾರೂ ಕೇಳಲಿಲ್ಲ.”

ಬಾಲ್ಕನಿಯಲ್ಲಿ ಆಕೆ ಹಾಡಿದ್ದು ಯಾವ ಹಾಡೆಂದು ಅಂದಿನಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಹಳೆಯ ನೇಪಲ್ಸ್ ಹಾಡುಗಳನ್ನು ಬಲ್ಲವರಾಗಲಿ, ತುಟಿ ನೋಡಿ ಇಟಾಲಿಯನ್ ಓದಬಲ್ಲವರಾಗಲಿ ನಿಮ್ಮಲ್ಲಿದ್ದರೆ ದಯವಿಟ್ಟು ನನಗೆ ಬರೆಯಿರಿ. ಹಾಡಿನ ಮೊದಲ ಸಾಲು ಸಿಕ್ಕರೂ ಸಾಕು, ಅವ್ವ ಕಲಿಯುತ್ತಾಳೆ.